ಕಮಲ ಅಕ್ಕಿ ಕುಲಾಂತರಿ ಹೌದೋ ಅಲ್ವೋ? ಉತ್ತರ ಜೀವಕೋಶದೊಳಗೆ ಅರ್ಧ ಇದೆ, ಕಾನೂನಿನಲ್ಲಿ ಇನ್ನರ್ಧ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೆಹಲಿಯಲ್ಲಿ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು ಡಿಆರ್‌ಆರ್ ಧಾನ್ 100, ಕರೆಯುವ ಹೆಸರು ಕಮಲ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1. ಎರಡನ್ನೂ ಜೀನೋಮ್ ಎಡಿಟಿಂಗ್ ಮಾಡಿ, ಅಂದರೆ ಗಿಡದ ಸ್ವಂತ ಡಿಎನ್‌ಎಯನ್ನೇ ಗುರಿ ಇಟ್ಟು ತಿದ್ದಿ ತಯಾರಿಸಿದ್ದು. ಜಗತ್ತಿನಲ್ಲೇ ಇಂಥ ಮೊದಲ ಭತ್ತ ಅಂತ ಸರ್ಕಾರ ಹೇಳಿಕೊಂಡಿತು. ಜೊತೆಗೆ ಒಂದು ಮಾತನ್ನು ಒತ್ತಿ ಹೇಳಿತು: ಇದರಲ್ಲಿ ಹೊರಗಿನ ಜೀನ್ ಇಲ್ಲ, ಆದ್ದರಿಂದ ಇದು ಕುಲಾಂತರಿ (ಜಿಎಂ) ಅಲ್ಲ.

ಜಿಎಂ ಮುಕ್ತ ಭಾರತ ಒಕ್ಕೂಟದಂಥ ಸಂಘಟನೆಗಳು ಉಲ್ಟಾ ಹೇಳಿದವು. ಇದೂ ಕುಲಾಂತರಿಯೇ, ಹಿಂಬಾಗಿಲಿನಿಂದ ಬರುತ್ತಿದೆ ಅಷ್ಟೇ ಎಂದವು. ಓದುಗರಿಗೆ ಗೊಂದಲ ಆಗದೆ ಇನ್ನೇನಾಗುತ್ತದೆ? ಒಂದೇ ಅಕ್ಕಿ, ಎರಡು ಉತ್ತರ.

ಇದು ದೂರದ ವಿಷಯವೂ ಅಲ್ಲ. ಕಮಲ ಹುಟ್ಟಿದ್ದು ಸಾಂಬಾ ಮಸೂರಿಯಿಂದ, ಅಂದರೆ ರೈತರು ಬಿಪಿಟಿ 5204 ಅಂತ ಕರೆಯುವ ಭತ್ತದಿಂದ. ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆಯ ನೀರಲ್ಲಿ ಬೆಳೆಯುವುದು ಜಾಸ್ತಿ ಇದನ್ನೇ. ಸೋನಾ ಮಸೂರಿ ಅಂತ ನಾವು ತಂದು ತಿನ್ನುವ ಚೀಲದೊಳಗೂ ಎಷ್ಟೋ ಸಲ ಇದೇ ಇರುತ್ತದೆ. ಕಮಲವನ್ನು ಶಿಫಾರಸು ಮಾಡಿರುವ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇದೆ.

ಹೌದೋ ಅಲ್ಲವೋ ಅನ್ನುವ ಮೊದಲು, ವಿಜ್ಞಾನಿಗಳು ಆ ಭತ್ತದೊಳಗೆ ಏನು ಮಾಡಿದರು ಅಂತ ತಿಳಿಯಬೇಕು. ಅದಕ್ಕೆ ಜೀನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಸ್ವಲ್ಪ ನಿಧಾನವಾಗಿ ಹೋಗೋಣ.

ಜೀನ್‌ನಿಂದ ಪ್ರೋಟೀನ್‌ವರೆಗೆ

ಭತ್ತದ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಇದೆ. ಅದು 12 ಜೋಡಿ ಕ್ರೋಮೋಸೋಮ್‌ಗಳಲ್ಲಿ ಹಂಚಿಕೊಂಡಿದೆ. ಒಂದು ಸೆಟ್ ಪೂರ್ತಿ ಓದಿದರೆ ಸುಮಾರು 39 ಕೋಟಿ ಅಕ್ಷರ. ಆದರೆ ಅಕ್ಷರಮಾಲೆ ಬಹಳ ಚಿಕ್ಕದು: ಎ, ಟಿ, ಜಿ, ಸಿ, ನಾಲ್ಕೇ. ಈ ಉದ್ದ ಸಾಲಿನಲ್ಲಿ ಒಂದು ಪ್ರೋಟೀನ್ ಕಟ್ಟಲು ಬೇಕಾದ ಸೂಚನೆ ಇರುವ ತುಣುಕನ್ನು ಜೀನ್ ಅನ್ನುತ್ತೇವೆ.

ಜೀನ್ ತಾನಾಗಿ ಏನೂ ಮಾಡುವುದಿಲ್ಲ. ಇದು ಮುಖ್ಯ, ಯಾಕಂದರೆ ಚರ್ಚೆಯಲ್ಲೆಲ್ಲ ಜೀನ್ ಅಂದರೆ ಏನೋ ಓಡಾಡುವ ಜೀವಿ ಅನ್ನುವ ಹಾಗೆ ಮಾತಾಡುತ್ತಾರೆ. ಕೆಲಸ ಮಾಡುವುದು ಪ್ರೋಟೀನ್. ಎಲೆಯ ರಂಧ್ರ ತೆರೆಯುವುದು, ಹಾರ್ಮೋನು ತಯಾರಿಸುವುದು, ಅದೇ ಹಾರ್ಮೋನನ್ನು ಒಡೆದು ಹಾಕುವುದು, ಇದೆಲ್ಲ ಪ್ರೋಟೀನ್‌ಗಳ ದುಡಿಮೆ.

ಮೊದಲು ಜೀವಕೋಶ ಆ ಜೀನ್‌ನ ಒಂದು ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುತ್ತದೆ. ಮೂಲ ಡಿಎನ್‌ಎ ಕೋಶಕೇಂದ್ರದಲ್ಲೇ ಉಳಿಯುತ್ತದೆ. ನಕಲು ಮಾತ್ರ, ಬೇಡದ ತುಂಡುಗಳನ್ನು ಕತ್ತರಿಸಿಕೊಂಡು, ಹೊರಗೆ ಬರುತ್ತದೆ. ಇದೇ ಎಂಆರ್‌ಎನ್‌ಎ. ಇದರಲ್ಲಿ ಟಿ ಬದಲು ಯು ಅಕ್ಷರ ಇರುತ್ತದೆ. ಹೊರಗೆ ರೈಬೋಸೋಮ್ ಅನ್ನುವ ಯಂತ್ರ ಅದನ್ನು ಹಿಡಿದು ಮೂರು ಮೂರು ಅಕ್ಷರವಾಗಿ ಓದುತ್ತಾ ಹೋಗುತ್ತದೆ. ಪ್ರತಿ ಮೂರು ಅಕ್ಷರಕ್ಕೂ ಒಂದು ಅಮೈನೋ ಆಮ್ಲ. ಅವನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಪ್ರೋಟೀನ್ ಸಿದ್ಧ.

ನಾಲ್ಕು ಅಕ್ಷರಗಳಿಂದ ಮೂರರ ಗುಂಪು ಮಾಡಿದರೆ ಒಟ್ಟು 64 ಗುಂಪು ಆಗುತ್ತವೆ. ಅದರಲ್ಲಿ 61 ಗುಂಪುಗಳು 20 ಬಗೆಯ ಅಮೈನೋ ಆಮ್ಲಗಳಿಗೆ ಮೀಸಲು. ಉಳಿದ ಮೂರು, ಯುಎಎ, ಯುಎಜಿ, ಯುಜಿಎ, ಇವು 'ಇಲ್ಲಿಗೆ ನಿಲ್ಲಿಸು' ಅನ್ನುವ ಗುರುತು. ಈ ಮೂರನ್ನು ನೆನಪಿಟ್ಟುಕೊಳ್ಳಿ. ಕಮಲದ ಕಥೆಗೂ ಬಾಸ್ಮತಿಯ ಕಥೆಗೂ ಇವು ಬೇಕು.

ಒಂದು ಅಕ್ಷರ ಬಿದ್ದುಹೋದರೆ

ಮೂರು ಮೂರಾಗಿ ಓದುವ ಈ ಪದ್ಧತಿಗೆ ಒಂದು ದೌರ್ಬಲ್ಯ ಇದೆ. ಪದಗಳ ನಡುವೆ ಜಾಗ ಇಲ್ಲ. ಎಲ್ಲಿಂದ ಶುರು ಮಾಡಿತೋ ಅಲ್ಲಿಂದ ಸುಮ್ನೆ ಮೂರು ಎಣಿಸುತ್ತಾ ಹೋಗುವುದಷ್ಟೇ ರೈಬೋಸೋಮ್‌ಗೆ ಗೊತ್ತು. 'ಕಮಲ ಮರದ ನೆರಳು ಬಯಸಿ ಬಂದಳು' ಅಂತ ಮೂರಕ್ಷರದ ಪದಗಳ ಸಾಲು ಇದೆ ಅಂದುಕೊಳ್ಳಿ. ಎರಡನೇ ಅಕ್ಷರ ತೆಗೆದು ಮತ್ತೆ ಮೂರು ಮೂರಾಗಿ ಓದಿ: 'ಕಲಮ ರದನೆ ರಳುಬ ಯಸಿಬಂ ದಳು'. ಹೋಗಿದ್ದು ಒಂದೇ ಅಕ್ಷರ, ಆದರೆ ಅಲ್ಲಿಂದ ಮುಂದೆ ಎಲ್ಲವೂ ಹಾಳು.

ಜೀನ್‌ನಲ್ಲೂ ಹೀಗೇ ಆಗುತ್ತದೆ. ಒಂದೋ ಎರಡೋ ಅಕ್ಷರ ಬಿದ್ದರೆ ಅಥವಾ ಹೆಚ್ಚಾಗಿ ಸೇರಿಕೊಂಡರೆ ಮುಂದಿನ ಅಮೈನೋ ಆಮ್ಲಗಳೆಲ್ಲ ಬದಲಾಗುತ್ತವೆ. ಸಾಮಾನ್ಯವಾಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಕಸ್ಮಿಕವಾಗಿ ಒಂದು 'ನಿಲ್ಲಿಸು' ಗುರುತು ಎದುರಾಗುತ್ತದೆ. ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ. ಇಂಥ ಎಂಆರ್‌ಎನ್‌ಎಯನ್ನು ಗುರುತಿಸಿ ನಾಶ ಮಾಡುವ ವ್ಯವಸ್ಥೆಯೂ ಜೀವಕೋಶಕ್ಕೆ ಇದೆ. ಒಟ್ಟಿನಲ್ಲಿ ಆ ಜೀನ್ ಇದ್ದೂ ಇಲ್ಲದ ಹಾಗೆ. (ಸರಿಯಾಗಿ ಮೂರು ಅಕ್ಷರ ಹೋದರೆ ಇಷ್ಟು ಅನಾಹುತ ಇಲ್ಲ. ಒಂದು ಅಮೈನೋ ಆಮ್ಲ ಕಮ್ಮಿ ಆಗುತ್ತದೆ, ಓದುವ ಸಾಲು ಮತ್ತೆ ದಾರಿಗೆ ಬರುತ್ತದೆ.)

ಕಮಲ ಮತ್ತು ಪೂಸಾ ತಳಿಗಳ ಹಿಂದಿರುವ ತಂತ್ರದ ತಿರುಳು ಇಷ್ಟೇ. ಒಂದು ನಿರ್ದಿಷ್ಟ ಜೀನ್ ಹುಡುಕಿ, ಅದರ ಓದು ಕೆಡಿಸಿ, ಅದರ ಪ್ರೋಟೀನ್ ಕೆಲಸ ಮಾಡದ ಹಾಗೆ ಮಾಡುವುದು.

ಕತ್ತರಿಸುವುದು ಕ್ರಿಸ್ಪರ್, ತಪ್ಪು ಮಾಡುವುದು ಜೀವಕೋಶ

ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಸುವ ಉಪಕರಣ ಕ್ರಿಸ್ಪರ್-ಕ್ಯಾಸ್9. ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ಇದಕ್ಕೇ. ಕ್ಯಾಸ್9 ಡಿಎನ್‌ಎ ಕತ್ತರಿಸುವ ಪ್ರೋಟೀನ್. ಎಲ್ಲಿ ಕತ್ತರಿಸಬೇಕು ಅಂತ ತೋರಿಸಲು ಅದರ ಜೊತೆ ಒಂದು ಚಿಕ್ಕ ಮಾರ್ಗದರ್ಶಿ ಆರ್‌ಎನ್‌ಎ ಇರುತ್ತದೆ. ಅದರಲ್ಲಿರುವ 20 ಅಕ್ಷರಗಳ ಸಾಲಿಗೆ ಡಿಎನ್‌ಎಯಲ್ಲಿ ಎಲ್ಲಿ ಜೋಡಿ ಸಿಗುತ್ತದೋ ಅಲ್ಲಿ ಎರಡೂ ಎಳೆ ತುಂಡಾಗುತ್ತವೆ.

ಕ್ರಿಸ್ಪರ್ ಕೆಲಸ ಅಲ್ಲಿಗೆ ಮುಗಿಯಿತು. ಬದಲಾವಣೆ ಮಾಡುವುದು ಅದಲ್ಲ. ತುಂಡಾದ ಡಿಎನ್‌ಎ ಜೀವಕೋಶಕ್ಕೆ ಅಪಾಯ, ಹಾಗಾಗಿ ಅದು ಗಡಿಬಿಡಿಯಲ್ಲಿ ಎರಡು ತುದಿ ಹಿಡಿದು ಅಂಟಿಸುತ್ತದೆ. ಅಂಟಿಸುವಾಗ ಆಗಾಗ ಒಂದೆರಡು ಅಕ್ಷರ ಬಿದ್ದುಹೋಗುತ್ತವೆ ಅಥವಾ ಸೇರಿಕೊಳ್ಳುತ್ತವೆ. ಅಲ್ಲಿಗೆ ಓದು ಕೆಟ್ಟಿತು. ಹೊರಗಿನಿಂದ ಯಾವ ಮಾದರಿಯನ್ನೂ ಕೊಡದೆ, ಹೀಗೆ ಜೀವಕೋಶದ ತಪ್ಪಿಗೇ ಬಿಟ್ಟುಬಿಡುವ ವಿಧಾನಕ್ಕೆ ಎಸ್‌ಡಿಎನ್-1 ಅಂತ ಹೆಸರು. ಒಂದು ಚಿಕ್ಕ ಮಾದರಿ ಕೊಟ್ಟು, ಅದನ್ನು ನೋಡಿಕೊಂಡು ರಿಪೇರಿ ಮಾಡು ಅಂದರೆ ಎಸ್‌ಡಿಎನ್-2. ಪೂರ್ತಿ ಹೊಸ ಜೀನನ್ನೇ ಆ ಜಾಗದಲ್ಲಿ ಕೂರಿಸಿದರೆ ಎಸ್‌ಡಿಎನ್-3. ಈ ಮೂರು ಹೆಸರುಗಳು ಕಾನೂನಿನಲ್ಲಿ ಮತ್ತೆ ಬರುತ್ತವೆ.

ಒಂದು ಜೀವಕೋಶದಲ್ಲಿ ಆದ ಬದಲಾವಣೆ ಇಡೀ ಗಿಡಕ್ಕೆ ಹೇಗೆ ಹರಡುತ್ತದೆ? ಜೀವಕೋಶ ಎರಡಾಗುವ ಮೊದಲು ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. ಎ ಎದುರು ಟಿ, ಜಿ ಎದುರು ಸಿ ಕೂರಿಸುತ್ತಾ ಪ್ರತಿ ಹಳೆ ಎಳೆಗೂ ಒಂದು ಹೊಸ ಎಳೆ ಕಟ್ಟಲಾಗುತ್ತದೆ. ಪ್ರತಿ ಮರಿ ಕೋಶಕ್ಕೂ ಅರ್ಧ ಹಳೆಯದು, ಅರ್ಧ ಹೊಸದು. ಇದನ್ನು 1958ರಲ್ಲೇ ಮೆಸೆಲ್ಸನ್ ಮತ್ತು ಸ್ಟಾಲ್ ಅನ್ನುವ ವಿಜ್ಞಾನಿಗಳು ತೋರಿಸಿದ್ದರು. ನಕಲು ಯಂತ್ರಕ್ಕೆ ಇದು ಮೂಲ ಅಕ್ಷರ, ಇದು ತಿದ್ದಿದ್ದು ಅನ್ನುವ ಭೇದ ಗೊತ್ತಿಲ್ಲ. ಎದುರಿಗಿರುವುದನ್ನು ನಿಷ್ಠೆಯಿಂದ ನಕಲು ಮಾಡುತ್ತದೆ. ಎಷ್ಟು ನಿಷ್ಠೆ ಅಂದರೆ, ಎಲ್ಲ ತಪಾಸಣೆ ಮುಗಿದ ಮೇಲೆ ಉಳಿಯುವ ತಪ್ಪು ಹೆಚ್ಚುಕಡಿಮೆ 100 ಕೋಟಿ ಅಕ್ಷರಕ್ಕೆ ಒಂದು. ಹಾಗಾಗಿ ಆ ಒಂದು ಕೋಶದಿಂದ ಬೆಳೆದ ಗಿಡದಲ್ಲಿ, ಅದರ ಕಾಳಿನಲ್ಲಿ, ಮುಂದಿನ ಬೆಳೆಯಲ್ಲೂ ಅದೇ ತಿದ್ದುಪಡಿ ಇರುತ್ತದೆ.

ಈಗ ಸರ್ಕಾರದ ಪತ್ರಿಕಾ ಹೇಳಿಕೆಗಳು ಬೇಗ ದಾಟಿಬಿಡುವ ಒಂದು ಹಂತ. ಕ್ಯಾಸ್9 ಭತ್ತದಲ್ಲಿ ಇರುವ ಪ್ರೋಟೀನ್ ಅಲ್ಲ, ಬ್ಯಾಕ್ಟೀರಿಯಾದ್ದು. ಅದನ್ನು ಭತ್ತದ ಕೋಶದೊಳಗೆ ಕಳಿಸಬೇಕಲ್ವಾ? ಸಾಮಾನ್ಯವಾಗಿ ಮಾಡುವುದು ಹೀಗೆ: ಕ್ಯಾಸ್9 ಜೀನನ್ನೇ ಅಗ್ರೋಬ್ಯಾಕ್ಟೀರಿಯಂ (ಗಿಡದೊಳಗೆ ಜೀನ್ ಸಾಗಿಸಬಲ್ಲ ಬ್ಯಾಕ್ಟೀರಿಯಾ) ಮೂಲಕ ಭತ್ತದ ಡಿಎನ್‌ಎಗೆ ಸೇರಿಸುತ್ತಾರೆ. ಅಂದರೆ ಮಧ್ಯದಲ್ಲಿ ಸ್ವಲ್ಪ ಕಾಲ ಆ ಗಿಡ ಪಕ್ಕಾ ಕುಲಾಂತರಿಯೇ. ಆಮೇಲೆ ಅದರ ಕಾಳು ಬಿತ್ತಿ, ಮುಂದಿನ ಪೀಳಿಗೆಯಲ್ಲಿ ತಿದ್ದುಪಡಿ ಉಳಿದಿರುವ, ಆದರೆ ಕ್ಯಾಸ್9 ಜೀನ್ ಇಲ್ಲದ ಗಿಡಗಳನ್ನು ಹುಡುಕುತ್ತಾರೆ. ತಿದ್ದುಪಡಿ ಮತ್ತು ಕ್ಯಾಸ್9 ಜೀನ್ ಕ್ರೋಮೋಸೋಮ್‌ಗಳ ಬೇರೆ ಬೇರೆ ಜಾಗದಲ್ಲಿ ಇರುವುದರಿಂದ ಇದು ಸಾಧ್ಯ. ಆನುವಂಶಿಕತೆಯ ಮೆಂಡೆಲ್ ಲೆಕ್ಕದಂತೆ, ಕ್ಯಾಸ್9 ಜೀನ್ ಒಂದೇ ಕಡೆ ಸೇರಿಕೊಂಡಿದ್ದರೆ ನಾಲ್ಕರಲ್ಲಿ ಒಂದು ಮರಿಗಿಡದಲ್ಲಿ ಅದು ಇರುವುದಿಲ್ಲ.

ಹಾಗಾಗಿ 'ಹೊರಗಿನ ಜೀನ್ ಇಲ್ಲ' ಅನ್ನುವುದು ಕೊನೆಯ ಗಿಡದ ಬಗ್ಗೆ ನಿಜವಾಗಬಹುದಾದ ಮಾತು. ಬಂದೇ ಇರಲಿಲ್ಲ ಅನ್ನುವುದು ಬೇರೆ ಮಾತು. ಪೂರ್ತಿ ಹೋಗಿದೆ ಅಂತ ಪರೀಕ್ಷೆ ಮಾಡಿ ತೋರಿಸಬೇಕು, ಅದಕ್ಕೆ ತಂತ್ರಜ್ಞಾನ ಇದೆ.

ಈ ಎರಡು ತಳಿಗಳಲ್ಲಿ ಕೆಡಿಸಿದ್ದು ಏನನ್ನು?

ಕಮಲವನ್ನು ಮಾಡಿದ್ದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ. ಅವರು ಗುರಿ ಇಟ್ಟಿದ್ದು ಮೊದಲನೇ ಕ್ರೋಮೋಸೋಮ್‌ನಲ್ಲಿರುವ ಸಿಕೆಎಕ್ಸ್2 ಜೀನ್‌ಗೆ. ಈ ಜೀನ್‌ನ ಪ್ರೋಟೀನ್ ಸೈಟೋಕೈನಿನ್ ಅನ್ನುವ ಹಾರ್ಮೋನನ್ನು ಒಡೆದುಹಾಕುವ ಕಿಣ್ವ. ಸೈಟೋಕೈನಿನ್ ಜಾಸ್ತಿ ಇದ್ದರೆ ತೆನೆಯಲ್ಲಿ ಹೂವು ಹೆಚ್ಚು, ಕಾಳೂ ಹೆಚ್ಚು. ಕಿಣ್ವ ಇಲ್ಲದಿದ್ದರೆ ಹಾರ್ಮೋನು ಉಳಿಯುತ್ತದೆ. ಇದು ಹೊಸ ಕಲ್ಪನೆ ಅಲ್ಲ. ಹೆಚ್ಚು ಕಾಳು ಬಿಡುವ ಭತ್ತದ ತಳಿಗಳಲ್ಲಿ ಈ ಜೀನ್ ತಾನಾಗಿಯೇ ದುರ್ಬಲ ಆಗಿರುವುದನ್ನು ಜಪಾನಿನ ವಿಜ್ಞಾನಿಗಳು 2005ರಲ್ಲೇ ಕಂಡುಹಿಡಿದಿದ್ದರು.

ಪೂಸಾ ಡಿಎಸ್‌ಟಿ ರೈಸ್ 1 ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದ್ದು. ಮೂಲ ತಳಿ ಎಂಟಿಯು 1010. ಇಲ್ಲಿ ಕೆಡಿಸಿದ್ದು ಡಿಎಸ್‌ಟಿ ಜೀನ್. ಇದರ ಪ್ರೋಟೀನ್ ನೇರವಾಗಿ ಏನನ್ನೂ ಒಡೆಯುವುದಿಲ್ಲ, ಕಟ್ಟುವುದಿಲ್ಲ. ಬೇರೆ ಜೀನ್‌ಗಳಿಗೆ ಸ್ವಿಚ್ ಹಾಕುತ್ತದೆ. ಅದು ಚಾಲೂ ಮಾಡುವ ಕೆಲವು ಜೀನ್‌ಗಳು ಎಲೆಯ ರಂಧ್ರಗಳ ಹತ್ತಿರ ಸೇರುವ ಹೈಡ್ರೋಜನ್ ಪೆರಾಕ್ಸೈಡನ್ನು ಕಮ್ಮಿ ಮಾಡುತ್ತವೆ. ಡಿಎಸ್‌ಟಿ ಇಲ್ಲದಿದ್ದರೆ ಪೆರಾಕ್ಸೈಡ್ ಸೇರುತ್ತದೆ, ಸೇರಿದರೆ ರಂಧ್ರ ಮುಚ್ಚಿಕೊಳ್ಳುತ್ತದೆ, ಮುಚ್ಚಿಕೊಂಡರೆ ನೀರು ಆವಿಯಾಗುವುದು ಕಮ್ಮಿ. ಹಾಗಾಗಿ ಬರ ಮತ್ತು ಉಪ್ಪು ಎರಡನ್ನೂ ಗಿಡ ಸ್ವಲ್ಪ ಜಾಸ್ತಿ ತಡೆಯುತ್ತದೆ.

ಇನ್ನೂ ಸ್ವಾರಸ್ಯ ಇದೆ. ಡಿಎಸ್‌ಟಿ ಸ್ವಿಚ್ ಹಾಕುವ ಜೀನ್‌ಗಳಲ್ಲಿ ಸಿಕೆಎಕ್ಸ್2 ಕೂಡ ಒಂದು! ಅಂದರೆ ಹೈದರಾಬಾದಿನವರು ಮತ್ತು ದೆಹಲಿಯವರು ಒಂದೇ ಸರಪಳಿಯ ಎರಡು ಕೊಂಡಿಗೆ ಕೈ ಹಾಕಿದ್ದಾರೆ. ಒಂದು ಜೀನ್ ಕೆಡಿಸಿದರೆ ಒಂದೇ ಗುಣ ಬದಲಾಗುತ್ತದೆ ಅಂತ ಹೇಳಲಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ. ಇಲ್ಲಿ ಅದು ಅನುಕೂಲಕ್ಕೇ ಬಂದಿದೆ. ಪ್ರತಿ ಸಲ ಹಾಗೇ ಆಗಬೇಕೆಂದೇನಿಲ್ಲ.

ಬಾಸ್ಮತಿಯ ಘಮವೂ ಕೆಟ್ಟ ಜೀನ್‌ನಿಂದಲೇ

ಕೆಟ್ಟುಹೋದ ಜೀನ್ ಇರುವ ಅಕ್ಕಿ ಅಂದ ತಕ್ಷಣ ಮುಖ ಕಿವುಚುವವರು ಬಾಸ್ಮತಿಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಸಾದಾ ಅಕ್ಕಿಯಲ್ಲಿ ಬಿಎಡಿಎಚ್2 ಅನ್ನುವ ಜೀನ್ ಇದೆ. ಅದರ ಕಿಣ್ವ ಒಂದು ರಾಸಾಯನಿಕವನ್ನು ಬೇರೆ ದಾರಿಗೆ ಖರ್ಚು ಮಾಡುತ್ತದೆ. ಬಾಸ್ಮತಿಯಲ್ಲಿ ಈ ಜೀನ್‌ನ 8 ಅಕ್ಷರ ಬಿದ್ದುಹೋಗಿವೆ. ಎಂಟು, ಅಂದರೆ ಮೂರರಿಂದ ಭಾಗ ಹೋಗದ ಸಂಖ್ಯೆ. ಓದು ತಪ್ಪಿ, ಬೇಗನೆ 'ನಿಲ್ಲಿಸು' ಗುರುತು ಬಂದು, ಕಿಣ್ವ ಅರ್ಧಕ್ಕೇ ನಿಂತಿದೆ. ಖರ್ಚಾಗದೆ ಉಳಿದ ರಾಸಾಯನಿಕ ಇನ್ನೊಂದು ದಾರಿ ಹಿಡಿದು ಬಾಸ್ಮತಿಯ ಪರಿಮಳ ಆಗುತ್ತದೆ. ಇದನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಯಾವ ಲ್ಯಾಬೂ ಮಾಡಿದ್ದಲ್ಲ. ಯಾವುದೋ ಕಾಲದಲ್ಲಿ ಎಂಟು ಅಕ್ಷರ ತಾವಾಗಿಯೇ ಬಿದ್ದವು, ಘಮ ಹಿಡಿಸಿದ ರೈತರು ಆ ಬೀಜ ಉಳಿಸಿಕೊಂಡರು.

ಹಸಿರು ಕ್ರಾಂತಿಯ ಕಥೆಯೂ ಬೇರೆಯಲ್ಲ. 1966ರ ಐಆರ್8 ಗಿಡ್ಡ ಭತ್ತದಲ್ಲಿ ಎತ್ತರ ಬೆಳೆಸುವ ಹಾರ್ಮೋನಿನ ಒಂದು ಜೀನ್‌ನಿಂದ 383 ಅಕ್ಷರ ಮಾಯವಾಗಿವೆ. ತೈವಾನಿನ ಹಳೆ ತಳಿಯಿಂದ ಬಂದ ಗುಣ ಅದು. ಸಾಂಬಾ ಮಸೂರಿಯ ವಂಶದಲ್ಲೂ ತೈವಾನಿನ ತೈಚುಂಗ್ ನೇಟಿವ್ 1 ಅನ್ನುವ ಗಿಡ್ಡ ತಳಿ ಇದೆ.

ಇನ್ನು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ಶೇಂಗಾ ತಳಿಗಳು. ನಮ್ಮ ರೈತರಿಗೆ ಗೊತ್ತಿರುವ ಟಿಎಜಿ 24 ವಿಕಿರಣ ಹಾಯಿಸಿ ಪಡೆದ ಗಿಡಗಳ ವಂಶದ್ದು. ವಿಕಿರಣ ಡಿಎನ್‌ಎಯನ್ನು ಎಲ್ಲೆಂದರಲ್ಲಿ ಒಡೆಯುತ್ತದೆ. ಎಷ್ಟು ಕಡೆ, ಯಾವ ಜೀನ್, ಯಾರೂ ಮೊದಲೇ ಹೇಳುವಂತಿಲ್ಲ. ಆದರೂ ಅಂಥ ತಳಿಗೆ ಕುಲಾಂತರಿ ನಿಯಮಗಳ ತಪಾಸಣೆ ಇಲ್ಲ. ಒಂದೇ ಕಡೆ ಗುರಿ ಇಟ್ಟು ಒಡೆಯುವುದು ಭಯಂಕರ, ಕಣ್ಣುಮುಚ್ಚಿ ನೂರು ಕಡೆ ಒಡೆಯುವುದು ಸಹಜ ಅನ್ನುವ ವಾದ ನಿಲ್ಲುವುದಿಲ್ಲ. ಈ ವಿಷಯದಲ್ಲಿ ವಿಜ್ಞಾನಿಗಳ ಪಕ್ಷವೇ ಗಟ್ಟಿ.

ಇದನ್ನು ತಿಂದರೆ ನಮ್ಮ ಜೀನ್ ಬದಲಾಗುತ್ತದಾ ಅನ್ನುವ ಪ್ರಶ್ನೆಯೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇಲ್ಲ. ಅನ್ನ, ಸೊಪ್ಪು, ಮೀನು, ಎಲ್ಲದರಲ್ಲೂ ಡಿಎನ್‌ಎ ಇದೆ, ದಿನಾ ತಿನ್ನುತ್ತೇವೆ, ಹೊಟ್ಟೆ ಅದನ್ನು ಚೂರು ಮಾಡಿ ಜೀರ್ಣಿಸುತ್ತದೆ.

ಬದನೆಯ ಗಲಾಟೆಗೂ ಇದಕ್ಕೂ ಏನು ವ್ಯತ್ಯಾಸ?

ಕರ್ನಾಟಕಕ್ಕೆ ಕುಲಾಂತರಿ ಅಂದರೆ ನೆನಪಾಗುವುದು ಬಿಟಿ ಬದನೆ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಮಹಿಕೋ ಅನ್ನುವ ಬೀಜ ಕಂಪನಿ ಜೊತೆ ಅದರಲ್ಲಿ ಭಾಗಿಯಾಗಿತ್ತು. ಉಡುಪಿಯ ಮಟ್ಟುಗುಳ್ಳಕ್ಕೂ ಕೈ ಹಾಕುತ್ತಾರೆ ಅಂತ ಕರಾವಳಿಯಲ್ಲಿ ದೊಡ್ಡ ವಿರೋಧ ಎದ್ದಿತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಭೆ ನಡೆಸಿ, 2010ರ ಫೆಬ್ರುವರಿ 9ರಂದು ತಡೆ ಹಾಕಿದರು. ಆ ತಡೆ ತೆರವಾಗಿಲ್ಲ.

ಬಿಟಿ ಬದನೆಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದರು. ಬದನೆಯ ರೈಬೋಸೋಮ್‌ಗಳು ಬದನೆಯಲ್ಲಿ ಹಿಂದೆಂದೂ ಇಲ್ಲದ ಪ್ರೋಟೀನ್ ಕಟ್ಟುತ್ತವೆ. ಕಾಯಿಕೊರಕ ಹುಳ ಸಾಯುವುದು ಅದರಿಂದ. ಹಾಗಾಗಿ ಆ ಪ್ರೋಟೀನ್ ತಿಂದರೆ ಏನಾಗುತ್ತದೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಕಮಲದಲ್ಲಿ ಹೊಸ ಪ್ರೋಟೀನ್ ಸೇರಿಲ್ಲ, ಇದ್ದದ್ದೊಂದು ನಿಂತಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಈ ವ್ಯತ್ಯಾಸವನ್ನು ನುಂಗಿಹಾಕುತ್ತಾರೆ.

ವಿರೋಧಿಗಳ ಅತಿ ಬಲವಾದ ವಾದ

ಆದರೆ ಕಾನೂನಿನ ವಿಷಯಕ್ಕೆ ಬಂದರೆ ಸರ್ಕಾರದ ಮಾತು ಅಷ್ಟು ಗಟ್ಟಿ ಇಲ್ಲ.

ನಮ್ಮಲ್ಲಿ ಕುಲಾಂತರಿಯನ್ನು ನಿಯಂತ್ರಿಸುವುದು ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳು. ಜೆನೆಟಿಕ್ ಎಂಜಿನಿಯರಿಂಗ್ ಅಂದರೆ ಏನು ಅಂತ ಅದರಲ್ಲೇ ಹೇಳಿದೆ. ಹೊರಗಿನ ಜೀನ್ ಸೇರಿಸುವುದು ಮಾತ್ರ ಅಲ್ಲ, ಆನುವಂಶಿಕ ವಸ್ತುವಿನ ಭಾಗಗಳನ್ನು ಅಳಿಸಿ ಅಥವಾ ತೆಗೆದು ಜೀವಿಯನ್ನು ಬದಲಿಸುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗಾಗಿ ಅಕ್ಷರ ಬೀಳಿಸಿದರೂ ಕಾನೂನಿನ ಕಣ್ಣಲ್ಲಿ ಅದು ಜೆನೆಟಿಕ್ ಎಂಜಿನಿಯರಿಂಗೇ.

2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ ಒಂದು ಆದೇಶ ಹೊರಡಿಸಿತು. ಹೊರಗಿನ ಡಿಎನ್‌ಎ ಇಲ್ಲದ ಎಸ್‌ಡಿಎನ್-1 ಮತ್ತು ಎಸ್‌ಡಿಎನ್-2 ಗಿಡಗಳಿಗೆ ನಿಯಮ 7ರಿಂದ 11ರವರೆಗೆ ವಿನಾಯಿತಿ ಕೊಟ್ಟಿತು. ವ್ಯಾಖ್ಯೆಯನ್ನು ತಿದ್ದಲಿಲ್ಲ, ವಿನಾಯಿತಿ ಕೊಟ್ಟಿತು ಅಷ್ಟೇ. ವಿನಾಯಿತಿ ಕೊಡಬೇಕಾದರೆ ಮೊದಲು ಆ ನಿಯಮ ಅನ್ವಯಿಸಬೇಕಲ್ವಾ? ಹಾಗಾಗಿ 'ಇದು ಕುಲಾಂತರಿ ನಿಯಮಕ್ಕೆ ಸಂಬಂಧವೇ ಇಲ್ಲದ ವಸ್ತು' ಅನ್ನುವುದು ಸರಿಯಲ್ಲ. ನಿಯಮದೊಳಗೆ ಬರುವ, ಆದರೆ ಪರೀಕ್ಷೆಯಿಂದ ವಿನಾಯಿತಿ ಪಡೆದ ವಸ್ತು ಅನ್ನುವುದು ಸರಿ. ಸರ್ಕಾರ ಹೇಳುತ್ತಿರುವುದು ವಿಜ್ಞಾನದ ಅರ್ಧ, ವಿರೋಧಿಗಳು ಹೇಳುತ್ತಿರುವುದು ಕಾನೂನಿನ ಅರ್ಧ. ಓದುಗರಿಗೆ ಎರಡು ಉತ್ತರ ಕೇಳಿಸುವುದು ಇದಕ್ಕೇ.

ಈ ವಿನಾಯಿತಿಯಿಂದ ಏನು ತಪ್ಪಿತು? ಜಿಇಎಸಿ ಅನ್ನುವ ಕೇಂದ್ರ ಸಮಿತಿಯ ಮುಂದೆ ಬರುವುದು ತಪ್ಪಿತು. ಹೊರಗಿನ ಡಿಎನ್‌ಎ ಇಲ್ಲ ಅನ್ನುವುದನ್ನು ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿ ನೋಡಿ, ಮೇಲಿನ ಸಮಿತಿಗೆ ತಿಳಿಸಿದರೆ ದಾರಿ ತೆರೆಯುತ್ತದೆ. ತಳಿ ಮಾಡಿದ ಸಂಸ್ಥೆಯೇ ಮೊದಲ ತಪಾಸಣೆಯನ್ನೂ ಮಾಡುವುದು ಎಷ್ಟು ಸರಿ ಅನ್ನುವುದು ನ್ಯಾಯವಾದ ಪ್ರಶ್ನೆ.

ಇನ್ನೊಂದು ಆತಂಕ ಕ್ಯಾಸ್9 ತಪ್ಪು ಜಾಗದಲ್ಲಿ ಕತ್ತರಿಸಿದರೆ ಅನ್ನುವುದು. 20 ಅಕ್ಷರಗಳ ಸಾಲುಗಳು 1 ಲಕ್ಷ ಕೋಟಿಗೂ ಹೆಚ್ಚು ಬಗೆಯಲ್ಲಿ ಇರಬಹುದು, ಭತ್ತದ ಜೀನೋಮ್ ಇರುವುದು 39 ಕೋಟಿ ಅಕ್ಷರ. ಹಾಗಾಗಿ ಅದೇ ಸಾಲು ಇನ್ನೊಂದು ಕಡೆ ಆಕಸ್ಮಿಕವಾಗಿ ಸಿಗುವ ಸಂಭವ ತೀರಾ ಕಮ್ಮಿ. ಆದರೆ ಒಂದೆರಡು ಅಕ್ಷರ ಹೊಂದದಿದ್ದರೂ ಕ್ಯಾಸ್9 ಕೆಲವೊಮ್ಮೆ ಕತ್ತರಿಸಿಬಿಡುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಇಡೀ ಜೀನೋಮ್ ಓದಿ, ಮೂಲ ತಳಿಯ ಜೊತೆ ಹೋಲಿಸಿ, ಫಲಿತಾಂಶ ಎಲ್ಲರಿಗೂ ಸಿಗುವಂತೆ ಇಟ್ಟರೆ ಆಯಿತು.

ಜೀನ್ ಕೆಟ್ಟರೆ ಯಾವಾಗಲೂ ಪ್ರೋಟೀನ್ ಸತ್ತುಹೋಗುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ. ಜಪಾನಿನಲ್ಲಿ 2021ರಿಂದ ಮಾರುವ, ಗಾಬಾ ಅನ್ನುವ ರಾಸಾಯನಿಕ ಹೆಚ್ಚಿರುವ ಎಡಿಟ್ ಮಾಡಿದ ಟೊಮೇಟೊದಲ್ಲಿ ಒಂದು ಕಿಣ್ವದ ಬಾಲ ಮಾತ್ರ ಮೊಟಕಾಗಿದೆ. ಆ ಬಾಲದ ಕೆಲಸ ಕಿಣ್ವಕ್ಕೆ ಬ್ರೇಕ್ ಹಾಕುವುದು. ಬ್ರೇಕ್ ಹೋದದ್ದರಿಂದ ಕಿಣ್ವ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಆದ್ದರಿಂದ 'ಸಣ್ಣ ಬದಲಾವಣೆ' ಅನ್ನುವ ಒಂದೇ ಕಾರಣಕ್ಕೆ ಎಲ್ಲ ತಳಿಗೂ ಒಂದೇ ರೀತಿ ಬಾಗಿಲು ತೆರೆಯುವುದು ಒಪ್ಪುವ ಮಾತಲ್ಲ. ಎಷ್ಟು ಅಕ್ಷರ ಹೋಯಿತು ಅನ್ನುವುದಕ್ಕಿಂತ ಯಾವ ಪ್ರೋಟೀನ್ ಏನಾಯಿತು ಅನ್ನುವುದು ಮುಖ್ಯ.

ಇಳುವರಿಯ ಲೆಕ್ಕ

ಕಮಲ ಮೂಲ ತಳಿಗಿಂತ ಶೇ 19ರಷ್ಟು ಹೆಚ್ಚು ಇಳುವರಿ ಕೊಡುತ್ತದೆ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಅನ್ನುವುದು ಸರ್ಕಾರದ ಮಾತು. 20 ದಿನ ಅಂದರೆ ನೀರಿನ ಉಳಿತಾಯ. ಕಾಲುವೆಯ ಕೊನೆಭಾಗದ ರೈತರಿಗೆ ಇಳುವರಿಗಿಂತ ಇದೇ ದೊಡ್ಡ ವಿಷಯ ಆಗಬಹುದು.

ಪೂಸಾ ತಳಿಯ ಬಗ್ಗೆ ಪತ್ರಿಕೆಗಳು ಎತ್ತಿ ಬರೆದದ್ದು ಕರಾವಳಿಯ ಉಪ್ಪು ನೆಲದಲ್ಲಿ ಶೇ 30 ಹೆಚ್ಚಳ ಅಂತ. ಶೇಕಡಾವಾರು ಅಂಕಿ ಸ್ವಲ್ಪ ಮೋಸ ಮಾಡುತ್ತದೆ. ಹೆಕ್ಟೇರಿಗೆ ಸುಮಾರು 1,900 ಕಿಲೋ ಇದ್ದದ್ದು 2,500 ಕಿಲೋ ಹತ್ತಿರ ಬಂದಿದೆ. ಒಳನಾಡಿನ ಉಪ್ಪು ನೆಲದಲ್ಲಿ ಹೆಚ್ಚಳ ಶೇ 10ಕ್ಕಿಂತ ಸ್ವಲ್ಪ ಕಮ್ಮಿ.

2025ರ ಕೊನೆಭಾಗದಲ್ಲಿ ಜಿಎಂ ಮುಕ್ತ ಭಾರತ ಒಕ್ಕೂಟ ಐಸಿಎಆರ್‌ನ (ಈ ಎರಡೂ ಸಂಸ್ಥೆಗಳ ಮೇಲಿರುವ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು) ಸ್ವಂತ ಪ್ರಯೋಗ ವರದಿಗಳನ್ನೇ ಮುಂದಿಟ್ಟು, ಈ ಅಂಕಿಗಳಿಗೆ ಆಧಾರ ಸಾಲದು ಅಂತ ಆರೋಪ ಮಾಡಿತು. ಐಸಿಎಆರ್ ಆರೋಪ ತಳ್ಳಿಹಾಕಿತು. ಹೆಚ್ಚು ಹೂವು ಬಿಟ್ಟರೆ ಸಾಲದು, ಅಷ್ಟೂ ಕಾಳು ತುಂಬಲು ಗಿಡಕ್ಕೆ ಸಾರ ಬೇಕು, ಭಾರ ಹೊರಲು ಕಾಂಡ ಬೇಕು. ಒಂದು ಊರಲ್ಲಿ ಗೆದ್ದ ತಳಿ ಇನ್ನೊಂದು ಊರಲ್ಲಿ ಸೋಲುವುದು ಮಾಮೂಲು. ಪ್ರತಿ ಕೇಂದ್ರದ, ಪ್ರತಿ ಹಂಗಾಮಿನ ಕಚ್ಚಾ ಅಂಕಿ ಹೊರಗಿಟ್ಟರೆ ಈ ಜಗಳ ಒಂದು ವಾರದ್ದು.

ಮುಂದೆ ಏನಾಗಬಹುದು

ಬೀಜದ ಒಡೆತನ ಮೊದಲ ಪ್ರಶ್ನೆ. ಭಾರತದ ಕಾನೂನಿನಲ್ಲಿ ಗಿಡ ಮತ್ತು ಬೀಜಕ್ಕೆ ಪೇಟೆಂಟ್ ಇಲ್ಲ. 2001ರ ತಳಿ ಸಂರಕ್ಷಣಾ ಕಾಯ್ದೆ ರೈತರಿಗೆ ಬೀಜ ಉಳಿಸಿಕೊಳ್ಳುವ, ಹಂಚುವ ಹಕ್ಕು ಕೊಟ್ಟಿದೆ. ಭತ್ತ ತನ್ನಲ್ಲೇ ಪರಾಗ ಪಡೆಯುವ ಬೆಳೆ, ಹಾಗಾಗಿ ತಿದ್ದುಪಡಿ ವರ್ಷ ವರ್ಷ ಕೆಡದೆ ಉಳಿಯುತ್ತದೆ. ಆದರೆ ಕ್ರಿಸ್ಪರ್-ಕ್ಯಾಸ್9 ಉಪಕರಣದ ಪೇಟೆಂಟುಗಳು ಅಮೆರಿಕ ಮತ್ತು ಯುರೋಪಿನ ಸಂಸ್ಥೆಗಳ ಕೈಯಲ್ಲಿವೆ. ಸಂಶೋಧನೆಗೆ ಬಳಸಿದರೆ ತಕರಾರಿಲ್ಲ, ವ್ಯಾಪಾರಕ್ಕೆ ಇಳಿದರೆ ಲೈಸೆನ್ಸ್ ಬೇಕು. ಆ ಖರ್ಚು ಯಾರು ಹೊರುತ್ತಾರೆ ಅನ್ನುವುದನ್ನು ಬೀಜ ಅಂಗಡಿಗೆ ಬರುವ ಮೊದಲೇ ಐಸಿಎಆರ್ ಸ್ಪಷ್ಟವಾಗಿ ಹೇಳಬೇಕು.

ರಫ್ತು ಎರಡನೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ದೇಶ ನಾವು. ಯುರೋಪಿನ ನ್ಯಾಯಾಲಯ 2018ರಲ್ಲಿ ಎಡಿಟ್ ಮಾಡಿದ ಬೆಳೆಯೂ ಕುಲಾಂತರಿ ನಿಯಮದೊಳಗೇ ಬರುತ್ತದೆ ಅಂತ ತೀರ್ಪು ಕೊಟ್ಟಿತು. 2023ರಿಂದ ಅಲ್ಲಿ ನಿಯಮ ಸಡಿಲಿಸುವ ಪ್ರಕ್ರಿಯೆ ನಡೆದಿದೆ. ಕಷ್ಟ ಏನಂದರೆ, ಯಾವ ಅಕ್ಷರ ಬಿದ್ದಿದೆ ಅಂತ ಗೊತ್ತಿದ್ದರೆ ಅದನ್ನು ಪತ್ತೆ ಮಾಡಬಹುದು, ಆದರೆ ಅದು ಲ್ಯಾಬಿನಲ್ಲಿ ಬಿತ್ತೋ ಹೊಲದಲ್ಲಿ ತಾನಾಗಿ ಬಿತ್ತೋ ಅಂತ ಆ ಕಾಳು ನೋಡಿ ಹೇಳಲಾಗುವುದಿಲ್ಲ. ಬೀಜದಿಂದ ಚೀಲದವರೆಗೆ ದಾಖಲೆ ಇಡದಿದ್ದರೆ ಬೇರೆ ಅಕ್ಕಿಯ ಜೊತೆ ಬೆರೆತ ಮೇಲೆ ಬೇರ್ಪಡಿಸುವುದು ಅಸಾಧ್ಯ.

ರಾಜ್ಯಗಳ ಪಾಲು ಇನ್ನೊಂದು. ಕೃಷಿ ರಾಜ್ಯದ ವಿಷಯ. ಕುಲಾಂತರಿ ಬೆಳೆಯ ಹೊಲದ ಪ್ರಯೋಗಕ್ಕೆ 2011ರಿಂದ ರಾಜ್ಯದ ಒಪ್ಪಿಗೆ ಬೇಕಾಗಿತ್ತು. ವಿನಾಯಿತಿ ಪಡೆದ ತಳಿ ಜಿಇಎಸಿ ಹಾದಿಯಲ್ಲೇ ಬರುವುದಿಲ್ಲವಾದ್ದರಿಂದ ಆ ಒಪ್ಪಿಗೆಯ ಪ್ರಶ್ನೆ ಏಳುವುದಿಲ್ಲ. ಕುಲಾಂತರಿ ಸಾಸಿವೆ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಭಿನ್ನ ತೀರ್ಪು ಕೊಟ್ಟರೂ, ಕುಲಾಂತರಿ ಬೆಳೆಗಳಿಗೆ ಒಂದು ರಾಷ್ಟ್ರೀಯ ನೀತಿ ಬೇಕು ಅನ್ನುವುದನ್ನು ಇಬ್ಬರೂ ಒಪ್ಪಿದ್ದರು. ಆ ನೀತಿಯಲ್ಲಿ ಎಡಿಟ್ ಮಾಡಿದ ಬೆಳೆಗೂ ಜಾಗ ಕೊಟ್ಟರೆ, ಪರಿಸರ ಸಚಿವಾಲಯದ ಒಂದು ಆದೇಶದ ಮೇಲೆ ನಿಂತಿರುವ ಈ ವ್ಯವಸ್ಥೆಗೆ ಸ್ವಲ್ಪ ಗಟ್ಟಿ ನೆಲ ಸಿಗುತ್ತದೆ.

ಕೊನೆಗೆ ತುಂಗಭದ್ರೆಯ ಉಪ್ಪು. ಆ ಕಾಲುವೆಗಳನ್ನು ಯೋಜಿಸಿದ್ದು ಹೆಚ್ಚಾಗಿ ಕಮ್ಮಿ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತ ವಿಪರೀತ ಹಬ್ಬಿತು, ನೀರು ನಿಂತಿತು, ಅಂತರ್ಜಲ ಮೇಲೆ ಬಂದು ಉಪ್ಪನ್ನೂ ಮೇಲೆ ತಂದಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಈ ಸವುಳು ನೆಲದ ಬಗ್ಗೆ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಪೂಸಾ ತಳಿಯಂಥ ಭತ್ತ ಅಲ್ಲಿಗೆ ಬಂದರೆ, ಉಪ್ಪು ಹಿಡಿದ ಗದ್ದೆಯಲ್ಲೂ ಇನ್ನು ಕೆಲವು ವರ್ಷ ಭತ್ತವನ್ನೇ ಬೆಳೆಯಬಹುದು. ಆದರೆ ಡಿಎಸ್‌ಟಿ ಜೀನ್ ಕೆಡಿಸಿದರೆ ಗಿಡ ಉಪ್ಪನ್ನು ತಡೆದುಕೊಳ್ಳುತ್ತದೆ, ನೆಲದ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಭತ್ತ ಮುಂದುವರಿದರೆ ನಿಂತ ನೀರೂ ಮುಂದುವರಿಯುತ್ತದೆ, ಬಸಿಗಾಲುವೆಗೆ ಇಡಬೇಕಾದ ದುಡ್ಡನ್ನು ಮುಂದೂಡಲು ಇಲಾಖೆಗಳಿಗೆ ಹೊಸ ಬೀಜ ಒಂದು ಒಳ್ಳೆ ನೆಪವೂ ಆಗಬಹುದು.